ದುಡಿಯುವವರ ಮಕ್ಕಳೂ ವಸ್ತುಸಂಗ್ರಹಾಲಯ ನೋಡಲಿ

ಹಳೆಯ ಕಲ್ಲು, ಹಳೆಯ ಮೂರ್ತಿ ನೋಡುವುದು ಓದಿದವರ ಕೆಲಸ; ಗಿರಣಿಯಲ್ಲಿ ದುಡಿಯುವವನಿಗೂ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವನಿಗೂ ಅದರಿಂದ ಏನು ಲಾಭ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಸಣ್ಣ ಕೂಸನ್ನು ಅಲ್ಲಿಗೆ ಕರೆದೊಯ್ಯುವುದಂತೂ ಹಣವೂ ದಂಡ, ದಿನವೂ ದಂಡ ಎನ್ನುತ್ತಾರೆ. ಈ ಮಾತು ಸರಿಯಲ್ಲ. ಶ್ರೀಮಂತರ ಮನೆಯಲ್ಲಿ ಅಜ್ಜ ಮುತ್ತಜ್ಜರ ಪಟಗಳು ಗೋಡೆಯ ಮೇಲಿರುತ್ತವೆ. ನಮ್ಮ ಮಕ್ಕಳ ಮುತ್ತಜ್ಜರ ಗುರುತು ಎಲ್ಲಿದೆ?

ಬಹು ದೂರ ಹೋಗಬೇಕಾಗಿಲ್ಲ. ಹಲಗೇರಿಯವರು ರಾಣೇಬೆನ್ನೂರಿಗೆ ಬಂದು ರೈಲು ಹತ್ತಿದರೆ ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ ದಾಟಿ ಧಾರವಾಡ ಸಿಗುತ್ತದೆ. ಮುಂಬಯಿ ಸರಕಾರ 1939ರಲ್ಲಿ ಸ್ಥಾಪಿಸಿದ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ ಅಲ್ಲಿದೆ. ಅದರ ಸಂಗ್ರಹಾಲಯ ದೊಡ್ಡದಲ್ಲ. ಸಣ್ಣ ಕಾಲುಗಳಿಗೆ ಸಣ್ಣ ಸಂಗ್ರಹಾಲಯವೇ ಒಳ್ಳೆಯದು. ಶಾಸನ, ಮೂರ್ತಿಗಳ ಜತೆಗೆ ಅಲ್ಲಿ ವೀರಗಲ್ಲುಗಳೂ ಇವೆ.

ಮಗುವಿಗೆ ಮೊದಲು ವೀರಗಲ್ಲು ತೋರಿಸಬೇಕು. ಅಕ್ಷರ ಬಾರದವರೂ ಅದನ್ನು ಓದಬಲ್ಲರು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತದ್ದು, ತುದಿಗೆ ಸೂರ್ಯ ಚಂದ್ರ. ಇಂಥ ಕಲ್ಲಿನ ಮುಂದೆ ನನ್ನ ಆರು ವರ್ಷದ ಮಗಳು, "ಅಪ್ಪಾ, ಇಂವ ಯಾವೂರ ರಾಜಾ?" ಎಂದಳು. "ರಾಜಾ ಅಲ್ಲವ್ವಾ, ಊರ ದನಾ ಕಳ್ಳರು ಹೊಡಕೊಂಡು ಹೊಂಟಾಗ ಅಡ್ಡ ನಿಂತು ಸತ್ತಾಂವ" ಎಂದೆ. ಕೂಡಲೇ, "ಹಂಗಾದ್ರ ದನಾ ತಿರುಗಿ ಬಂದ್ವಾ?" ಎಂದು ಕೇಳಿದಳು. ಕಲ್ಲಿನ ಮೇಲೆ ಉತ್ತರವಿರಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ. ಅರಸನು ಗೆದ್ದನೇ ಸೋತನೇ ಎಂಬುದಕ್ಕಿಂತ ಊರಿನ ಬದುಕು ಉಳಿಯಿತೇ ಎಂಬುದು ದೊಡ್ಡ ಮಾತು. ಮೋಟೆಬೆನ್ನೂರಿನ ಮೈಲಾರ ಮಹಾದೇವ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಕತೆಯನ್ನೂ ಮಕ್ಕಳು ಇಂಥ ಕಲ್ಲಿನ ಮುಂದೆಯೇ ಕೇಳಬೇಕು. ಊರಿಗಾಗಿ ನಿಲ್ಲುವವರು ಹಳೆಯ ಕಾಲದಲ್ಲಿ ಮಾತ್ರ ಇದ್ದರೆಂದು ಅವರು ತಿಳಿಯಬಾರದು.

ಎರಡನೆಯದಾಗಿ, ಈ ಮೂರ್ತಿಗಳನ್ನು ಕಡೆದ ಕೈಗಳು ಯಾರವು? ಬೇಲೂರಿನ ಗುಡಿ ಎಂದ ಕೂಡಲೇ ವಿಷ್ಣುವರ್ಧನನ ಹೆಸರು ಹೇಳುತ್ತೇವೆ. ಆದರೆ ಅಲ್ಲಿ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಅವರ ಊರು ಬಳ್ಳಿಗಾವಿ, ನಮ್ಮ ನೆರೆಯ ಶಿಕಾರಿಪುರ ತಾಲೂಕಿನದು. ಕೂಲಿಗೆ ಹೋದ ನೆರೆಯೂರವರ ಹೆಸರು 900 ವರ್ಷ ಉಳಿದಿದೆ ಎಂಬುದು ದುಡಿಯುವವರ ಮಕ್ಕಳಿಗೆ ತಿಳಿಯಬೇಡವೇ?

ಮಗುವಿನೊಡನೆ ಹೋಗುವವರು ಎಲ್ಲವನ್ನೂ ತೋರಿಸುವ ಹಟ ಮಾಡಬಾರದು. ಮೂರು ವಸ್ತು, ಅರ್ಧ ತಾಸು ಸಾಕು. ಅದು ನಿಂತಲ್ಲಿ ನಾವೂ ನಿಲ್ಲಬೇಕು. ಹಸಿವೆಯಾಯಿತೆಂದರೆ ಹೊರಗೆ ಬಂದು ಬುತ್ತಿ ಬಿಚ್ಚಬೇಕು.

ಇನ್ನು ಸರಕಾರಕ್ಕೆ ಹೇಳಬೇಕಾದದ್ದಿದೆ. ಕೇಂದ್ರ ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ರವಿವಾರ ಬಾಗಿಲು ತೆರೆದಿರುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೀಟಿಲ್ಲ. ಎಲ್ಲ ಸಂಗ್ರಹಾಲಯಗಳಿಗೂ ಇದೇ ಪದ್ಧತಿ ಬರಬೇಕು. ದುಡಿಯುವವನ ಬಿಡುವಿನ ದಿನವೇ ಕೀಲಿ ಬಿದ್ದರೆ ಆ ಸಂಗ್ರಹಾಲಯ ಅವನದಲ್ಲ. ವಿವರದ ಫಲಕಗಳು ತಿಳಿಗನ್ನಡದಲ್ಲಿ, ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು.

ಕಲ್ಲಿನ ಜತೆಗೆ ದುಡಿಮೆಯ ಸಾಮಾನುಗಳಿಗೂ ಜಾಗ ಬೇಕು. ಕೂರಿಗೆ, ಕುಂಟಿ, ಕಂಬಳಿ ನೇಯುವ ಮಗ್ಗ, ಕಿಲೋ ಬರುವ ಮುಂಚೆ ನಮ್ಮ ಅಂಗಡಿಗಳಲ್ಲಿದ್ದ ಸೇರು, ಪಾವು, ಚಟಾಕುಗಳು ಅಟ್ಟದಿಂದ ಗುಜರಿಗೆ ಹೋಗುತ್ತಿವೆ. ರಾಣೇಬೆನ್ನೂರು, ಬ್ಯಾಡಗಿಯ ವರ್ತಕರು ಮತ್ತು ಕಾಮಗಾರರು ಕೂಡಿ ಇವನ್ನು ಕಲೆಹಾಕಿದರೆ, ಶಾಲೆಯ ಒಂದು ಕೋಣೆಯಲ್ಲಿಯೇ ಸಂಗ್ರಹಾಲಯ ಆರಂಭವಾದೀತು. ಅದಕ್ಕೆ ಮಂತ್ರಿಯ ಅಪ್ಪಣೆ ಬೇಕಿಲ್ಲ. ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಯೋಚಿಸಿದರೆ ಸಾಕು.