ರಕ್ತ ತೆಳುವಾಗಿಸುವ ಮಾತ್ರೆ: ಒಂದೂವರೆ ದಶಕದ ಲೆಕ್ಕ

ಒಂದೂವರೆ ದಶಕದ ಹಿಂದೆ ಚೆನ್ನೈನ ತ್ಯಾಗರಾಯನಗರದಲ್ಲೋ ತಿರುವಲ್ಲಿಕ್ಕೇಣಿಯಲ್ಲೋ ಇರುವ ಹಿರಿಯರೊಬ್ಬರ ನಾಡಿ ತಾಳ ತಪ್ಪಿ, ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತೆನ್ನಿ. ನಮ್ಮಂಥ ಕುಟುಂಬ ವೈದ್ಯರಿಗಿದ್ದದ್ದು ಎರಡೇ ದಾರಿ. ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರೋಮ್ ಬರೆದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ ನಿಲ್ಲುವ ತನಕ ಮತ್ತೆಮತ್ತೆ ಲ್ಯಾಬಿಗೆ ಕಳಿಸುವುದು ಒಂದು. ಅಷ್ಟು ರಗಳೆ ಬೇಡವೆಂದು ಆಸ್ಪಿರಿನ್ ಬರೆಯುವುದು ಇನ್ನೊಂದು. ನಾನು ಎಷ್ಟೋ ಸಲ ಎರಡನೆಯದನ್ನು ಹಿಡಿದೆ. ಅದು ತಪ್ಪು.

ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಬರಿದೆ ಅದುರುತ್ತವೆ. ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮಿದುಳಿಗೆ ಹೋದರೆ ಲಕ್ವ. ಅದರ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. 2007ರಲ್ಲಿ ಪ್ರಕಟವಾದ, ಇಂಗ್ಲೆಂಡ್ ಮತ್ತು ವೇಲ್ಸಿನ ಕುಟುಂಬ ವೈದ್ಯರು 75 ದಾಟಿದ 973 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಲಕ್ವದಂಥ ದೊಡ್ಡ ಹೊಡೆತ ಆಸ್ಪಿರಿನ್‌ನವರಲ್ಲಿ ವರ್ಷಕ್ಕೆ ನೂರಕ್ಕೆ 3.8, ವಾರ್ಫರಿನ್‌ನವರಲ್ಲಿ 1.8. ರಕ್ತಸ್ರಾವ ಹೆಚ್ಚಲಿಲ್ಲ. ಅಂದರೆ ಉತ್ತರ ಆಗಲೇ ಇತ್ತು.

ವಾರ್ಫರಿನ್ ಕೊಟ್ಟಾಗಲೂ, ಅದರ ಬಲ ತಗ್ಗೀತೆಂದು ‘ಸೊಪ್ಪು ಮುಟ್ಟಬೇಡಿ’ ಎಂದು ಹೆದರಿಸಿದೆವು. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ ಎಂದಿದ್ದರೆ ಸಾಕಿತ್ತು. ಎಷ್ಟು ಮನೆಗಳಲ್ಲಿ ನಮ್ಮ ಮಾತಿನಿಂದ ಸೊಪ್ಪಿನ ಹುಳಿ ನಿಂತುಹೋಯಿತೋ!

2009ರಲ್ಲಿ ಹದಿನೆಂಟು ಸಾವಿರ ರೋಗಿಗಳ ಪರೀಕ್ಷೆ ಡಬಿಗಟ್ರಾನ್ ಎಂಬ ಹೊಸ ಔಷಧಿಗೆ ಬಾಗಿಲು ತೆರೆಯಿತು. 2011ರಲ್ಲಿ, ವಾರ್ಫರಿನ್ ಆಗದವರಿಗೆ ಕೊಟ್ಟ ಅಪಿಕ್ಸಬಾನ್ ಎಂಬ ಇನ್ನೊಂದು ಹೊಸ ಔಷಧಿ ಆಸ್ಪಿರಿನ್ನಿಗಿಂತ ಅರ್ಧಕ್ಕೂ ಹೆಚ್ಚು ಲಕ್ವ ತಡೆಯಿತು. ಎರಡು ಪರೀಕ್ಷೆಗಳಲ್ಲೂ ಮುಂದಾಳಾಗಿದ್ದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಒಬ್ಬರು. ಐಎನ್‌ಆರ್ ಓಡಾಟ ತಪ್ಪಿತು. ಪೇಟೆಂಟ್ ಕಳೆದು, ನಮ್ಮ ಕಂಪನಿಗಳು ತಯಾರಿಸಿ, ಬೆಲೆ ಇಳಿಯಿತು. 2022ರಲ್ಲಿ ಡಬಿಗಟ್ರಾನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು.

ಎಲ್ಲರಿಗೂ ಹೊಸ ಮಾತ್ರೆಯಲ್ಲ. ಕೀಲುವಾತದ ಜ್ವರದಿಂದ ಮಿಟ್ರಲ್ ಕವಾಟ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯದೇ ಸರಿ. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಗಣೇಶನ್ ಕಾರ್ತಿಕೇಯನ್ ಭಾಗಿಯಾದ 2022ರ ಅಧ್ಯಯನದಲ್ಲಿ, ಕೀಲುವಾತದ ಹೃದ್ರೋಗದವರಲ್ಲಿ ವಾರ್ಫರಿನ್ ಬಗೆಯ ಮಾತ್ರೆ ತಿಂದವರೇ ಹೆಚ್ಚು ಬದುಕಿದರು. ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿಯಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟು, ಎಕೋ ಮಾಡಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಯೇ ಬರೆಯಬೇಕು.

ಹೀಗೆ ಮಾತ್ರೆಯ ಕೊರತೆ ಬಹುಮಟ್ಟಿಗೆ ನೀಗಿತು. ನೀಗದ್ದು ನಮ್ಮ ಅಂಜಿಕೆ. ‘ಅಜ್ಜಿ ಬಿದ್ದರೆ?’ ಎಂದು ಇಂದೂ ಕೈ ಹಿಂದೆಗೆಯುತ್ತೇವೆ. ವಾರ್ಫರಿನ್ನಿನ ಅಪಾಯ ಅದರ ಲಾಭವನ್ನು ಮೀರಬೇಕಾದರೆ ಆಕೆ ವರ್ಷಕ್ಕೆ ಸುಮಾರು 295 ಸಲ ಬೀಳಬೇಕೆಂದು 1999ರಲ್ಲೇ ಲೆಕ್ಕ ಹಾಕಿದ್ದಾರೆ. ಇನ್ನೊಂದು ನಷ್ಟ, ಬಿ.ಪಿ. ಯಂತ್ರ ಬಂದ ಮೇಲೆ ನಮ್ಮ ಬೆರಳು ರೋಗಿಯ ಮಣಿಕಟ್ಟನ್ನೇ ಮರೆತದ್ದು.

ಮತ್ತೆ ನಾಡಿ ಹಿಡಿಯುವುದು, ಮಾತ್ರೆ ತಲುಪಿಸುವುದು ತಮಿಳುನಾಡಿಗೆ ಕಷ್ಟವಲ್ಲ. 2021ರ ಆಗಸ್ಟ್ 5ರಂದು, ಕರ್ನಾಟಕದ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ವೈದ್ಯ) ಯೋಜನೆ ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಮನೆಬಾಗಿಲಿಗೆ ಒಯ್ಯುತ್ತಿದೆ. 2023ರ ‘ಇದಯಂ ಕಾಪ್ಪೋಂ’ (ಹೃದಯ ಕಾಪಾಡೋಣ) ಯೋಜನೆ ಹೃದಯಾಘಾತವಾದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಸೇರಿ 14 ಮಾತ್ರೆ ಕೊಡುವ ಧೈರ್ಯ ತೋರಿತು. ಬಾಗಿಲಿಗೆ ಬರುವ ಕಾರ್ಯಕರ್ತೆ ಅರ್ಧ ನಿಮಿಷ ನಾಡಿ ಹಿಡಿಯಲಿ, ಲಯ ತಪ್ಪಿದವರಿಗೆ ಇಸಿಜಿಯಾಗಲಿ, ಒಮ್ಮೆ ಶುರುವಾದ ಮಾತ್ರೆ ಅದೇ ಚೀಲದಲ್ಲಿ ತಿಂಗಳು ತಿಂಗಳು ತಲುಪಲಿ.

ಓದುಗರಲ್ಲಿ ಈ ಮಾತ್ರೆ ತಿನ್ನುವವರಿದ್ದರೆ ಒಂದು ಮಾತು: ಹೊಸ ಮಾತ್ರೆಗಳ ಬಲ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ಹಲ್ಲು ಕೀಳಿಸಲೆಂದು ನೀವಾಗಿಯೇ ನಿಲ್ಲಿಸಬೇಡಿ. ಊರಿಗೆ ಹೊರಡುವಾಗ ಎಣಿಸಿ ಇಟ್ಟುಕೊಳ್ಳಿ, ಮುಗಿಯುವ ಒಂದು ವಾರ ಮೊದಲೇ ತಂದಿಡಿ.