ಯಂತ್ರಮಾನವ ಸ್ಪರ್ಧೆಗಳೂ ಗ್ರಾಮೀಣ ಪ್ರೌಢಶಾಲೆಗಳೂ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮೇಜು. ಅದರ ಮೇಲೆ ಬಣ್ಣದ ಹಾಸು, ಅಲ್ಲಲ್ಲಿ ನಿಲ್ಲಿಸಿದ ಪುಟ್ಟ ಮಾದರಿಗಳು. ವಿದ್ಯಾರ್ಥಿಗಳು ಕೈಯಾರೆ ಜೋಡಿಸಿದ ಚಿಕ್ಕದೊಂದು ಬಂಡಿಯು, ಅವರೇ ಮುಂಚಿತವಾಗಿ ಬರೆದಿಟ್ಟ ಆದೇಶಗಳಂತೆ, ಎರಡೂವರೆ ನಿಮಿಷಗಳೊಳಗೆ ಆ ಹಾಸಿನ ಮೇಲೆ ಸಂಚರಿಸಿ ಒಂದನ್ನು ನೂಕಿ, ಮತ್ತೊಂದನ್ನು ಎತ್ತಿ, ಇನ್ನೊಂದನ್ನು ಹೊತ್ತು ತರಬೇಕು. ‘ಫಸ್ಟ್ ಲೆಗೊ ಲೀಗ್’ ಎಂಬ ಸ್ಪರ್ಧೆಯ ಸ್ಥೂಲ ಸ್ವರೂಪವಿದು. ಡೀನ್ ಕೇಮನ್ ಅವರು 1989ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯೂ ಡೆನ್ಮಾರ್ಕಿನ ಲೆಗೊ ಕಂಪನಿಯೂ ಕೂಡಿ 1998ರಲ್ಲಿ ಇದನ್ನು ಆರಂಭಿಸಿದವು. 2004ರಲ್ಲಿ ಮೊದಲಾದ ‘ವರ್ಲ್ಡ್ ರೋಬೋಟ್ ಒಲಿಂಪಿಯಾಡ್’ ಮತ್ತೊಂದು. ಅದರ 2016ರ ಅಂತರರಾಷ್ಟ್ರೀಯ ಸುತ್ತು ಭಾರತದಲ್ಲಿಯೇ ಜರುಗಿತು. ಅದೇ ವರ್ಷ ಪ್ರಾರಂಭವಾದ ಅಟಲ್ ಇನ್ನೋವೇಶನ್ ಮಿಷನ್, ಆಯ್ಕೆಗೊಂಡ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿಗಳವರೆಗೆ ನೆರವಿತ್ತು ‘ಟಿಂಕರಿಂಗ್ ಲ್ಯಾಬ್’ಗಳನ್ನು ತೆರೆಯಿಸಿದ ಮೇಲೆ ರೋಬೋಟ್ ಎಂಬ ಮಾತು ಮಹಾನಗರಗಳ ಶಾಲೆಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ.

ಹೀಗಿರುವಾಗ, ಅಥಣಿ ತಾಲ್ಲೂಕಿನ ಮೂಡಣ ಅಂಚಿನಲ್ಲಿರುವ, ಬೆಳಗಾವಿಗಿಂತ ವಿಜಯಪುರವೇ ಹತ್ತಿರವೆನಿಸುವ ತೆಲಸಂಗದಂತಹ ಊರಿನ ಪ್ರೌಢಶಾಲೆಯು ಈ ಗೊಡವೆಗೆ ಕೈಹಾಕಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಕೈಹಾಕಬೇಕೆಂಬುದೇ ಈ ಲೇಖನದ ಅಭಿಪ್ರಾಯ. ಆದರೆ ಅದಕ್ಕೆ ಒಡ್ಡುವ ಆಕ್ಷೇಪಗಳನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವುದು ಉದ್ಧಟತನವಾದೀತು.

ಆಕ್ಷೇಪಗಳಲ್ಲಿ ಮೊದಲನೆಯದು ಕಾಲದ್ದು. ಲೆಗೊ ಲೀಗಿನ ವರ್ಷದ ವಿಷಯವು ಆಗಸ್ಟಿನ ಸುಮಾರಿಗೆ ಪ್ರಕಟವಾಗಿ, ಚಳಿಗಾಲದ ಹೊತ್ತಿಗೆ ಪ್ರಾದೇಶಿಕ ಸುತ್ತುಗಳು ಬರುತ್ತವೆ. ಈ ಭಾಗದಲ್ಲಿ ಅದು ಕಬ್ಬು ಕಡಿಯುವ ಕಾಲ. ದ್ರಾಕ್ಷಿ ತೋಟದವರಿಗಂತೂ ಅಕ್ಟೋಬರ್ ಚಾಟಣಿಯ ಬೆನ್ನಿಗೆ ಔಷಧಿ ಸಿಂಪಡಣೆಯ ಬಿಡುವಿಲ್ಲದ ಕಾಲ. ಮನೆಯಲ್ಲಿ ಮಕ್ಕಳ ಕೈ ಬೇಕಾಗುತ್ತದೆ. ಅದು ಮುಗಿಯುವುದರೊಳಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬಾಗಿಲಿಗೆ ಬಂದು ನಿಂತಿರುತ್ತದೆ. ಕುಟುಂಬದಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿಯ ಮೆಟ್ಟಿಲೇರಿದ ಮಗುವಿಗೆ ಅಂಕಪಟ್ಟಿಯೇ ಮುಂದಿನ ದಾರಿಯ ಚೀಟಿ. ಅದನ್ನು ಪಣಕ್ಕೊಡ್ಡಿ ಪದಕ ತರುವುದು ಯಾವ ಶಾಲೆಗೂ ಶೋಭೆಯಲ್ಲ. ಆದ್ದರಿಂದ ತಂಡವು ಎಂಟನೆಯ ಹಾಗೂ ಒಂಬತ್ತನೆಯ ತರಗತಿಗಳಿಗೆ ಸೀಮಿತವಾಗಿರತಕ್ಕದ್ದು. ಹತ್ತನೆಯ ತರಗತಿಯವರು ವಾರಕ್ಕೊಂದು ತಾಸು ಬಂದು ಕಿರಿಯರಿಗೆ ಹೇಳಿಕೊಟ್ಟು ಹೋದರೆ ಸಾಕು.

ಇನ್ನು ಇದರಿಂದ ಮಕ್ಕಳು ಕಲಿಯುವುದೇನು? ತರಗತಿಯ ಪ್ರಯೋಗಗಳಲ್ಲಿ ಉತ್ತರವು ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಬಾರದಿದ್ದರೆ ಬಂದಂತೆ ಬರೆದುಕೊಳ್ಳುವ ಚಾಳಿಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ರೋಬೋಟಿನ ಮುಂದೆ ಈ ಜಾಣತನ ನಡೆಯದು. ನಿನ್ನೆ ನೇರವಾಗಿ ಓಡಿದ ಬಂಡಿ ಇಂದು ಓರೆಯಾಗಿ ಓಡುತ್ತದೆ. ಬ್ಯಾಟರಿ ಇಳಿದಿರಬಹುದು, ಗಾಲಿಗೆ ದೂಳು ಹತ್ತಿ ಜಾರುತ್ತಿರಬಹುದು, ಕಿಟಕಿಯಿಂದ ಬಿದ್ದ ಬಿಸಿಲಿನಿಂದ ಕಪ್ಪು ಗೆರೆಯನ್ನು ಗುರುತಿಸುವ ಸಂವೇದಕಕ್ಕೆ ಭ್ರಮೆಯಾಗಿರಬಹುದು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಓಡಿಸಿ, ಬರೆದಿಟ್ಟು, ಪುನಃ ಓಡಿಸದೆ ಕಾರಣ ಸಿಕ್ಕದು. ವಿಜ್ಞಾನವೆಂದರೆ ಇದಲ್ಲದೆ ಮತ್ತೇನು? ಒಲಿಂಪಿಯಾಡಿನಲ್ಲಿಯಂತೂ ಸ್ಪರ್ಧೆಯ ದಿನವೇ ಅನಿರೀಕ್ಷಿತ ನಿಯಮವೊಂದನ್ನು ಘೋಷಿಸುವ ಪದ್ಧತಿಯುಂಟು. ಮನೆಪಾಠದವರು ಬಾಯಿಪಾಠ ಮಾಡಿಸಿ ಕಳಿಸಿದ್ದು ಅಲ್ಲಿ ಉಪಯೋಗಕ್ಕೆ ಬಾರದು.

ಲೆಗೊ ಲೀಗಿನಲ್ಲಿ ಆಟದ ಅಂಕಗಳಷ್ಟೇ ಗಣನೆಗೆ ಬರುವುದಿಲ್ಲ. ತಂಡವು ನಿಜಜೀವನದ ಸಮಸ್ಯೆಯೊಂದನ್ನು ಆರಿಸಿ, ಪರಿಹಾರವನ್ನು ತೀರ್ಪುಗಾರರ ಮುಂದಿಡಬೇಕು. 2017-18ರ ಸಾಲಿನ ವಿಷಯ ನೀರಾಗಿತ್ತು. ನೀರಿನ ಮೇಲೆ ಮಾತನಾಡಲು ತೆಲಸಂಗದ ಮಕ್ಕಳಿಗಿಂತ ಅರ್ಹರು ಯಾರು? ಒಂದೇ ತಾಲ್ಲೂಕಿನಲ್ಲಿ ಕೃಷ್ಣೆಯ ದಡದವರು ಮಹಾಪೂರಕ್ಕೆ ಹೆದರಿ ಮನೆ ಬಿಟ್ಟರೆ, ಎತ್ತರದ ಒಣಭೂಮಿಯವರು ಕೊಳವೆಬಾವಿಯ ತಳ ನೋಡುತ್ತ ಕೂತಿರುತ್ತಾರೆ. ಸರಿರಾತ್ರಿಯಲ್ಲಿ ತ್ರೀ ಫೇಸ್ ಕರೆಂಟು ಬಂತೆಂದು ಎದ್ದು, ಬ್ಯಾಟರಿ ಹಿಡಿದು, ಹಾವುಹುಳುವಿನ ಭಯದಲ್ಲಿ ಹೊಲಕ್ಕೆ ನಡೆದು ಪಂಪು ಚಾಲೂ ಮಾಡುವ ತಂದೆಯ ಕಷ್ಟವನ್ನು ಕಂಡ ಬಾಲಕನಿಗೆ, ತಾನಾಗಿ ಚಾಲೂ ಆಗುವ ಸ್ಟಾರ್ಟರು, ನೀರು ತೀರಿದೊಡನೆ ಮೋಟಾರು ಸುಡದಂತೆ ನಿಲ್ಲಿಸುವ ಸಾಧನ ಇವೆಲ್ಲ ಆಟಿಕೆಗಳಲ್ಲ. ‘ರೋಬೋಟ್’ ಶಬ್ದವು ಬಂದುದು ಚೆಕ್ ಲೇಖಕ ಕರೆಲ್ ಚಾಪೆಕ್ ಅವರ 1920ರ ನಾಟಕದಿಂದ. ಮೂಲದಲ್ಲಿ ಅದರ ಅರ್ಥ ಬಿಟ್ಟಿ ದುಡಿಮೆ. ಒಕ್ಕಲುತನದ ಮನೆಯವರಿಗೆ ಆ ಅರ್ಥವನ್ನು ವಿವರಿಸುವ ಅಗತ್ಯವಿಲ್ಲ!

ಆದರೆ ಕೆಲವೆಡೆ ನಡೆಯುತ್ತಿರುವುದು ಬೇರೆ. ಲಕ್ಷಗಟ್ಟಲೆ ಸುರಿದು ಪೆಟ್ಟಿಗೆಗಳನ್ನು ತರಿಸಿ, ಅತಿಥಿಗಳು ಬಂದಾಗ ಮಾತ್ರ ಕೋಣೆಯ ಬೀಗ ತೆಗೆಯುವುದುಂಟು. ಬಾಡಿಗೆಯ ತರಬೇತುದಾರರೇ ಯಂತ್ರವನ್ನು ಜೋಡಿಸಿ, ಮಕ್ಕಳಿಗೆ ಉತ್ತರ ಉರುಹೊಡೆಸಿ ಕಳಿಸುವುದೂ ಉಂಟು. ತರಗತಿಯ ಮೊದಲ ಮೂವರು ರ‍್ಯಾಂಕಿನವರನ್ನೇ ತಂಡಕ್ಕೆ ಸೇರಿಸುವುದು ಇನ್ನೊಂದು ತಪ್ಪು. ಮನೆಯಲ್ಲಿ ಕೆಟ್ಟ ರೇಡಿಯೋ ಬಿಚ್ಚಿ ಬೈಸಿಕೊಂಡ ಹುಡುಗ ಹಿಂದಿನ ಬೆಂಚಿನಲ್ಲಿರುತ್ತಾನೆ. ಹೆಣ್ಣುಮಕ್ಕಳ ಮಾತಂತೂ ಪ್ರತ್ಯೇಕವಾಗಿ ಆಡಲೇಬೇಕು. ಅಭ್ಯಾಸವನ್ನು ಸಂಜೆ ಆರರ ಮೇಲಿಟ್ಟರೆ, ಬಸ್ಸು ಹಿಡಿದು ಅಕ್ಕಪಕ್ಕದ ಹಳ್ಳಿಗೆ ಮರಳಬೇಕಾದ ಬಾಲಕಿಯನ್ನು ಯಾರೂ ಬೇಡವೆನ್ನದೆಯೇ ಹೊರಗಿಟ್ಟಂತಾಯಿತು. ಶಾಲೆಯ ವೇಳಾಪಟ್ಟಿಯೊಳಗೇ ಎರಡು ಅವಧಿಗಳನ್ನು ತೆಗೆದಿರಿಸುವ ಧೈರ್ಯ ಮುಖ್ಯೋಪಾಧ್ಯಾಯರಿಗೆ ಬೇಕು.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರಿನ ಕಲ್ಲು ನಿಲ್ಲುತ್ತದೆ. ಬ್ಯಾಟರಿಗೆ, ಸವೆದ ಗಾಲಿಗೆ, ಬೆಂಗಳೂರಿನ ಬಸ್ ಚಾರ್ಜಿಗೆ ಕೊಟ್ಟರೆ ಏನೂ ನಿಲ್ಲುವುದಿಲ್ಲ. ಆದರೆ ತಂಡಗಳು ನಿಂತುಹೋಗುವುದು ಎರಡನೆಯ ವರ್ಷದ ಈ ಚಿಲ್ಲರೆ ವೆಚ್ಚಕ್ಕೆ ಹಣವಿಲ್ಲದೆ. ಸರ್ಕಾರದ ಅಟಲ್ ಯೋಜನೆಯೇ ಅರ್ಧದಷ್ಟು ಹಣವನ್ನು ಐದು ವರ್ಷಗಳ ನಿರ್ವಹಣೆಗೆಂದು ಇರಿಸಿರುವುದು ಗಮನಾರ್ಹ. ಹಳೆಯ ವಿದ್ಯಾರ್ಥಿಗಳಲ್ಲಿ ಪುಣೆ, ಬೆಂಗಳೂರುಗಳ ಕಾರ್ಖಾನೆಗಳಲ್ಲಿರುವವರು ಹಣಕ್ಕಿಂತ ವರ್ಷದಲ್ಲಿ ನಾಲ್ಕು ಭಾನುವಾರಗಳನ್ನು ಕೊಡಲಿ. ಊರಿನಲ್ಲಿಯೇ ಮೋಟಾರು ರಿವೈಂಡಿಂಗ್ ಮಾಡುವ ಮಿಸ್ತ್ರಿಯನ್ನು ಶಾಲೆಗೆ ಕರೆದು, ಕುರ್ಚಿ ಕೊಟ್ಟು, ಗುರುವೆಂದು ಕೂಡಿಸಬೇಕು. ತಾಮ್ರದ ತಂತಿಯ ಸುತ್ತುಗಳ ಲೆಕ್ಕ ಅವರ ಬೆರಳಿನಲ್ಲಿದೆ.

ಮೊದಲ ವರ್ಷವೇ ರಾಷ್ಟ್ರಮಟ್ಟಕ್ಕೆ ಹಾರುವ ಅವಸರವೂ ಬೇಡ. ಅಥಣಿ, ಕಾಗವಾಡ, ರಾಯಬಾಗಗಳ ನಾಲ್ಕಾರು ಶಾಲೆಗಳು ಕೂಡಿ ಡಿಸೆಂಬರಿನ ಒಂದು ಶನಿವಾರ ತಮ್ಮಷ್ಟಕ್ಕೇ ಪಂದ್ಯವೊಂದನ್ನು ಏರ್ಪಡಿಸಬಹುದು. ಎಂಟಡಿ-ನಾಲ್ಕಡಿಯ ಆ ಮೇಜನ್ನು ಊರ ಬಡಿಗರೇ ಎರಡು ದಿನದಲ್ಲಿ ಮಾಡಿಕೊಟ್ಟಾರು.