ಒಡಲು ತೆರೆದ ಮಾರುತ

ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಹಳಗನ್ನಡ ಕಾವ್ಯದ ಸೊಗಸೋ ವ್ಯಾಕರಣದ ಒಂದು ಸೂಕ್ಷ್ಮವೋ ಆಗಿದ್ದಿರಬೇಕು. ಮೂವತ್ತು ವರ್ಷಗಳಿಂದ ಸಂಧಿ ಸಮಾಸಗಳನ್ನು ಪಾಠ ಹೇಳುತ್ತ ಬಂದವನಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯ? ಆದರೆ ಈ ಸಲ ನಾನು ಯುದ್ಧವಿಮಾನವೊಂದರ ವಿಷಯವಾಗಿ ಬರೆಯಬೇಕಾಗಿದೆ. ಅದೂ ಆಕಾಶದಲ್ಲಿ ಹಾರಿದ ವಿಮಾನವಲ್ಲ. ನಮ್ಮ ಶಾಲೆಯ ಸಂದರ್ಶಕರ ಕೊಠಡಿಯಲ್ಲಿ ಗಾಜಿನ ಕಪಾಟಿನೊಳಗೆ ನಿಂತಿರುವ, ಒಂದೂವರೆ ಮೀಟರಿಗಿಂತ ತುಸು ಉದ್ದವಾದ ಕಟ್ಟಿಗೆಯ ಮಾದರಿ. ಶಾಲೆಗೆ ಬಂದುಹೋದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅದನ್ನು ನೋಡಿ ಮೆಚ್ಚಿದ್ದಾರೆ. ಆದರೆ ಅವರು ನೋಡಿರುವುದು ಅದರ ಅರ್ಧವನ್ನು ಮಾತ್ರ. ಉಳಿದರ್ಧವನ್ನು ಅವರ ಕಣ್ಣಿನಿಂದ ಮರೆಮಾಡಿದವನು ನಾನು. ಆ ತಪ್ಪನ್ನು ಒಪ್ಪಿಕೊಂಡು ಒಂದು ಬಿನ್ನಹವನ್ನು ಮುಂದಿಡುವುದೇ ಈ ಬರಹದ ಉದ್ದೇಶ.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳು ಬೆಂಗಳೂರಿಗೆ ಪ್ರವಾಸ ಹೋಗಿದ್ದರು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಯುದ್ಧವಿಮಾನಗಳನ್ನು ಕಂಡುಬಂದ ಮೇಲೆ, ಅಂಥದೊಂದರ ಮಾದರಿಯನ್ನು ತಾವೇ ಕಟ್ಟಬೇಕೆಂಬ ಹಂಬಲ ಅವರಿಗೆ ಹತ್ತಿತು. ಅವರ ಮೊದಲ ಆಸೆ ಮಿಸ್ಟೇರ್ ವಿಮಾನದ ಮೇಲಿತ್ತು. ನಮ್ಮ ಸುಳ್ಯದಿಂದ ಸಂಪಾಜೆ ಘಟ್ಟ ಏರಿದರೆ ಕೊಡಗು. ಆ ನೆರೆನಾಡಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಮಿಸ್ಟೇರ್ ವಿಮಾನವನ್ನು ನಡೆಸುತ್ತ, ತಮ್ಮದಕ್ಕಿಂತ ಬಹುಪಾಲು ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ, ಅದನ್ನು ಕೆಡವಿ ತಾವೂ ಮಡಿದವರು. ಅವರಿಗೆ ಮಹಾವೀರ ಚಕ್ರ ಸಂದುದು 1988ರಲ್ಲಿ. ಆದರೆ ಆ ವಿಮಾನ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ನಮ್ಮ ನಾಡಿನಲ್ಲಿಯೇ ಹುಟ್ಟಿದ್ದು, ತಾವು ಕಣ್ಣಾರೆ ಸುತ್ತಿ ನೋಡಿಬಂದದ್ದು ಆಗಬೇಕೆಂದು ಕಡೆಗೆ ಮಕ್ಕಳು ‘ಮಾರುತ’ವನ್ನು ಆರಿಸಿಕೊಂಡರು.

ಮಾರುತದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ವಿಮಾನಶಿಲ್ಪಿಯೆಂದು ಹೆಸರಾಗಿದ್ದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ಮುಂದಾಳುತನದಲ್ಲಿ ನಮ್ಮ ಎಂಜಿನಿಯರುಗಳು ಆಕಾಶಕ್ಕೇರಿಸಿದ್ದು ಮೊದಲು ಲೋಹದ ವಿಮಾನವನ್ನಲ್ಲ. ಅದೇ ಆಕಾರದ, ಅದೇ ಗಾತ್ರದ ಕಟ್ಟಿಗೆಯ ಗ್ಲೈಡರನ್ನು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಎಳೆದೊಯ್ದು ಮೇಲೆ ಬಿಟ್ಟಿತು. ಎಂಜಿನಿಲ್ಲದ ಆ ಮರದ ಹಕ್ಕಿ ತೇಲಿ ಇಳಿಯುತ್ತ ತನ್ನ ರೂಪದ ಗುಣದೋಷಗಳನ್ನು ತೋರಿಸಿಕೊಟ್ಟಿತು. ಆ ಬಳಿಕ 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತವನ್ನು ಹಾರಿಸಿದರು. 1967ರಲ್ಲಿ ಅದು ವಾಯುಸೇನೆಯನ್ನು ಸೇರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿತು. ತರಬೇತಿಯ ವಿಮಾನಗಳೂ ಸೇರಿ ಒಟ್ಟು 147 ಮಾರುತಗಳು ಬೆಂಗಳೂರಿನಲ್ಲಿ ನಿರ್ಮಾಣವಾದವು. ವೇದದ ಮರುತ್ತುಗಳು ಬಿರುಗಾಳಿಯ ದೇವತೆಗಳು. ಹೆಸರಿಟ್ಟವರು ರಸಿಕರೇ ಇರಬೇಕು.

ಮಕ್ಕಳ ಈ ಉದ್ಯೋಗವನ್ನು ಮೊದಲು ವಿರೋಧಿಸಿದವರಲ್ಲಿ ನಾನೂ ಒಬ್ಬ. ಮಠದ ಆಶ್ರಯದಲ್ಲಿರುವ ವಿದ್ಯಾಶಾಲೆಗೆ ಕೊಲ್ಲುವ ಯಂತ್ರದ ಮಾದರಿಯೇಕೆ, ಕನ್ನಡದ ಅವಧಿಗಳು ಇದಕ್ಕಾಗಿ ಹಾಳಾಗುವುದೇಕೆ, ಬೇಕೇಬೇಕೆಂದರೆ ಅಂಗಡಿಯಲ್ಲಿ ಸಿದ್ಧವಾದುದನ್ನು ಕೊಂಡು ಅಂಟಿಸಿದರೆ ಸಾಲದೇ ಎಂದೆಲ್ಲ ಅಧ್ಯಾಪಕರ ಸಭೆಯಲ್ಲಿ ವಾದಿಸಿದೆ. ವಿಜ್ಞಾನದ ಅಧ್ಯಾಪಕರು ತಾಳ್ಮೆಯಿಂದ ಹೇಳಿದರು: “ಇದು ನೋಡಿ ಆನಂದಿಸುವ ಬೊಂಬೆಯಲ್ಲ, ಪಂಡಿತರೇ. ಎಡಬದಿ ಪೂರ್ತಿ ಮುಚ್ಚಿರುತ್ತದೆ, ಬಲಬದಿಯ ಹೊದಿಕೆಯನ್ನು ಕತ್ತರಿಸಿ ಒಳಗಿನದನ್ನೆಲ್ಲ ತೋರಿಸುತ್ತೇವೆ. ಹೊರಗಿನ ಆಕಾರಕ್ಕೆ ಒಳಗಿನ ಕಾರಣವೇನೆಂದು ಮಕ್ಕಳಿಗೆ ತಿಳಿಯಬೇಕು.” ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರಿದೆಯಂತೆ. ನಾನು ‘ತೆರೆದೊಡಲ ಮಾದರಿ’ ಎಂದು ಕರೆದೆ. ಹೆಸರಿಟ್ಟ ಮೇಲೆ ವಿರೋಧ ಅರ್ಧ ಕರಗಿತೆಂಬುದನ್ನು ಒಪ್ಪಿಕೊಳ್ಳಬೇಕು.

ನನ್ನ ಗುರುಗಳು ಪದ್ಯವೊಂದನ್ನು ಪಾಠ ಹೇಳುತ್ತಿದ್ದ ಕ್ರಮ ಆಗ ನೆನಪಾಯಿತು. ಮೊದಲು ಪದ್ಯವನ್ನು ರಾಗವಾಗಿ ಓದಿಸುವರು. ಆಮೇಲೆ ಪದಚ್ಛೇದ, ಆಮೇಲೆ ಅನ್ವಯ, ಕಡೆಗೆ ತಾತ್ಪರ್ಯ. ಪದ ಬಿಡಿಸದೆ ಅರ್ಥ ಹೇಳಿದವನಿಗೆ ಅವರಲ್ಲಿ ಕ್ಷಮೆಯಿರಲಿಲ್ಲ. ಪದ್ಯವನ್ನು ಒಡೆದರೆ ಅದರ ಚೆಲುವು ಕೆಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, ಒಡೆದ ಮೇಲೂ ನಿಂತರೆ ಅದು ಪದ್ಯ ಎಂದಿದ್ದರು. ಮೂಲವನ್ನು ಮೇಲೆ ಬರೆದು ಟೀಕೆಯನ್ನು ಕೆಳಗೆ ಬರೆಯುವ ನಮ್ಮ ಹಸ್ತಪ್ರತಿಗಳ ಪದ್ಧತಿಯೂ ಇದೇ ಅಲ್ಲವೇ? ಮಾದರಿಯ ಎಡಬದಿ ಮೂಲ, ಬಲಬದಿ ಟೀಕೆ.

ನಿಜವಾದ ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಮಕ್ಕಳು ಹತ್ತರಲ್ಲೊಂದರ ಅಳತೆ ಹಿಡಿದರು. ಉದ್ದ ಹತ್ತರಲ್ಲೊಂದಾದರೆ ಮೈಯ ವಿಸ್ತಾರ ನೂರರಲ್ಲೊಂದು, ಗಾತ್ರ ಸಾವಿರದಲ್ಲೊಂದು ಎಂಬುದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದವರಿಗೆ ಅದು ಕೈಯಲ್ಲಿ ತಿಳಿಯಿತು. ಚೌಕಟ್ಟಿಗೆ ಆರಿಸಿದ್ದು ಹಾಲೆಮರ. ಆಟಿ ಅಮಾವಾಸ್ಯೆಯಂದು ನಮ್ಮ ಸೀಮೆಯವರು ಯಾವುದರ ತೊಗಟೆಯ ಕಷಾಯ ಕುಡಿಯುತ್ತಾರೋ ಅದೇ ಮರ, ಹಗುರ, ಉಳಿಗೆ ಮೃದು. ಉದ್ದದ ಪಟ್ಟಿಗಳಿಗೆ ಬಿದಿರು. ಮುಚ್ಚಿದ ಬದಿಯ ಹೊದಿಕೆಗೆ, ಮುಟ್ಟಾಳೆ ಮಾಡುವ ಅಡಕೆಯ ಹಾಳೆಯನ್ನು ಬಳಸಿದರು. ಜೂನ್ ತಿಂಗಳ ಮಳೆ ಹಿಡಿದದ್ದೇ ತಡ, ಹಾಳೆ ತೇವ ಹೀರಿ ಸೊಟ್ಟಗಾಗಿ ವಿಮಾನ ಹಲಸಿನ ಹಣ್ಣಿನಂತೆ ಉಬ್ಬಿತು. ಎಲ್ಲವನ್ನೂ ಕಿತ್ತು, ಕಾಗದವನ್ನು ಪದರ ಪದರವಾಗಿ ಅಂಟಿಸಿ, ಉಜ್ಜಿ, ಬಣ್ಣ ಬಳಿದರು. ನಿಜವಾದ ತಗಡಿನ ದಪ್ಪವನ್ನು ಅಳತೆಗೆ ತಕ್ಕಂತೆ ಇಳಿಸುವುದು ಅವರಿಂದಾಗಲಿಲ್ಲ. ಅದನ್ನು ಮುಚ್ಚಿಡದೆ, ‘ಹೊದಿಕೆಯ ದಪ್ಪ ಅಳತೆಗೆ ಅನುಗುಣವಾಗಿಲ್ಲ’ ಎಂದು ಕೆಳಗೆ ಚೀಟಿ ಬರೆದಿಟ್ಟರು.

ಚೀಟಿಗಳಿಗಾಗಿಯೇ ಅವರು ನನ್ನ ಬಳಿಗೆ ಬಂದದ್ದು. ಒಳಗಿನ ಅಂಗಗಳಿಗೆ ಕನ್ನಡದ ಹೆಸರು ಬೇಕಿತ್ತು. ನಾನು ಎರಡು ರಾತ್ರಿ ಕುಳಿತು ‘ವಾತಪ್ರವೇಶದ್ವಾರ’, ‘ಪಕ್ಷಾಧಾರದಂಡ’, ‘ಪಾರ್ಶ್ವಾಸ್ಥಿಪಂಕ್ತಿ’ ಎಂದು ಗಂಭೀರವಾದ ಪಟ್ಟಿಯನ್ನು ಸಿದ್ಧಪಡಿಸಿದೆ. ಬಡಗಿಯ ಮಗಳೊಬ್ಬಳು ಅದನ್ನು ಓದಿ ಸಂಕೋಚದಿಂದ ಹೇಳಿದಳು: “ಸಾರ್, ರೆಕ್ಕೆಯೊಳಗಿನ ಈ ದೊಡ್ಡದನ್ನು ನಮ್ಮ ಅಪ್ಪ ನೋಡಿದರೆ ತೊಲೆ ಎನ್ನುತ್ತಾರೆ. ಅಡ್ಡಕ್ಕಿರುವವು ಪಕ್ಕಾಸು. ಅದರ ಮೇಲಿನ ಸಣ್ಣವು ರೀಪು. ಮನೆಯ ಮಾಡಿನ ಹಾಗೆಯೇ ಉಂಟಲ್ಲ?” ನಾನು ಬಾಗಿ ನೋಡಿದೆ. ಹೌದು, ಹಾಗೆಯೇ ಇತ್ತು. ಭಾರ ಹೊರುವ ಕ್ರಮವೂ ಒಂದೇ: ರೀಪಿನದು ಪಕ್ಕಾಸಿಗೆ, ಪಕ್ಕಾಸಿನದು ತೊಲೆಗೆ. ನನ್ನ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಗಾಳಿಬಾಯಿ, ಇಂಧನಗೂಡು, ಚಿಮ್ಮುಪೀಠ ಎಂದು ಉಳಿದ ಹೆಸರುಗಳನ್ನು ಎಲ್ಲರೂ ಕೂಡಿ ಕಟ್ಟಿದೆವು. ಆಪತ್ತಿನಲ್ಲಿ ಚಾಲಕನನ್ನು ಹೊರಕ್ಕೆ ಎಸೆಯುವ ಆ ಪೀಠವನ್ನೂ ಅವನ ಗೂಡಿನ ಇಕ್ಕಟ್ಟನ್ನೂ ಕಂಡ ಮೇಲೆ, ಕೊಲ್ಲುವ ಯಂತ್ರವೆಂದು ನಾನಾಡಿದ ಮಾತು ಪೂರ್ಣವಲ್ಲವೆನಿಸಿತು. ಮೂತಿಯಲ್ಲಿ ನಾಲ್ಕು ಫಿರಂಗಿಗಳಿವೆ, ನಿಜ. ಅವುಗಳ ನಡುವೆ ಒಬ್ಬ ಮನುಷ್ಯನೂ ಕುಳಿತಿರುತ್ತಾನೆ. ಮಾರುತವನ್ನು ಮೊದಲು ಹಾರಿಸಿದ ಸುರಂಜನ್ ದಾಸರೇ 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲಿ ಅಸುನೀಗಿದರು. ಬೆಂಗಳೂರಿನ ಒಂದು ರಸ್ತೆ ಈಗಲೂ ಅವರ ಹೆಸರನ್ನು ಹೊತ್ತಿದೆ.

ಅತ್ಯಂತ ಕಷ್ಟದ ಕೆಲಸ ಎಂಜಿನ್ನಿನದು. ಬಾಲದ ಕಡೆಗೆ ಅಕ್ಕಪಕ್ಕದಲ್ಲಿ ಎರಡು ಆರ್ಫಿಯಸ್ ಎಂಜಿನ್ನುಗಳು. ಒಂದೊಂದರಲ್ಲೂ ಗಾಳಿಯನ್ನು ಒತ್ತುವ ಅಲಗುಗಳ ಏಳು ಸಾಲು. ಡಬ್ಬಿಯ ತಗಡನ್ನು ಕತ್ತರಿಸಿ ಮಕ್ಕಳು ಆ ಅಲಗುಗಳನ್ನು ಜೋಡಿಸಿದರು. ಜೋಡಿಸಿ ಮುಗಿಸಿದ ದಿನ ಒಬ್ಬ ಹುಡುಗ ಕೇಳಿದ: “ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ಎಂಜಿನ್ನೇ?” ಮಾರುತದ ಇಡೀ ಕಥೆ ಆ ಪ್ರಶ್ನೆಯಲ್ಲಿತ್ತು. ಶಬ್ದದ ಇಮ್ಮಡಿ ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಮೈ ಅದು. ಆ ಮೈಗೆ ತಕ್ಕ ಬಲವುಳ್ಳ ಎಂಜಿನ್ನನ್ನು ಬ್ರಿಟನ್ನಿನಲ್ಲಿ ಬೆಳೆಸಲು ಹಣ ಬೇಕಿತ್ತು. ನಮ್ಮವರು ಕೊಡಲಿಲ್ಲ, ಕೆಲಸ ನಿಂತಿತು. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಎಂಜಿನ್ನನ್ನು 1967ರಲ್ಲಿ ಮಾರುತಕ್ಕೆ ಕೂಡಿಸಿ ಹಾರಿಸಿ ನೋಡಿದರು, ಅದೂ ಕೈಗೂಡಲಿಲ್ಲ. ಹೀಗಾಗಿ ಮಾರುತ ಶಬ್ದವೇಗದ ಆಸುಪಾಸಿನಲ್ಲಿಯೇ ಆಯುಷ್ಯವನ್ನು ಕಳೆದು, 1990ರ ಸುಮಾರಿಗೆ ನಿವೃತ್ತಿಯಾಯಿತು. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. 1971ರ ಯುದ್ಧದಲ್ಲಿ ಒಂದು ಎಂಜಿನ್ ಪೆಟ್ಟು ತಿಂದು ಕೆಟ್ಟರೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಮಾರುತಗಳುಂಟು. ಕೊರತೆಯೂ ಅಲ್ಲಿಯೇ, ಕಾಪಾಡಿದ್ದೂ ಅಲ್ಲಿಯೇ. ಇದನ್ನು ಹೊರಗಿನ ಬಣ್ಣ ಹೇಳಲಾರದು. ತೆರೆದ ಒಡಲು ಮಾತ್ರ ಹೇಳಬಲ್ಲದು.

ಇಷ್ಟೆಲ್ಲ ತಿಳಿದವನು ನಾನು ಮಾಡಿದ್ದೇನು? ಶಾಲೆಯ ವಾರ್ಷಿಕೋತ್ಸವದ ಹಿಂದಿನ ಸಂಜೆ ಮಾದರಿಯನ್ನು ಕಪಾಟಿನಲ್ಲಿ ಇರಿಸಿದರು. ತೆರೆದ ಬದಿ ಮುಂದಿತ್ತು. ಹೋಗುತ್ತ ಬರುತ್ತ ನೋಡಿದ ಒಬ್ಬಿಬ್ಬರು, “ಕೆಲಸ ಇನ್ನೂ ಮುಗಿದಿಲ್ಲವೇ?” ಎಂದು ಕೇಳಿದರು. ಮರುದಿನ ಪೂಜ್ಯ ಶ್ರೀಗಳವರೂ ಗಣ್ಯರೂ ಬರುವವರು. ಅವರ ಕಣ್ಣಿಗೆ ಅಪೂರ್ಣವೆಂದು ಕಂಡರೆ ಶಾಲೆಗೆ ಶೋಭೆಯಲ್ಲವೆಂದು ಅಳುಕಿ, ತಿರುಗಿಸಿ ಇಡಿರೆಂದು ನಾನು ಹೇಳಿದೆ. ಮಕ್ಕಳು ಎದುರು ಮಾತಾಡದೆ ತಿರುಗಿಸಿದರು. ಬಡಗಿಯ ಮಗಳು ಮಾತ್ರ ಮೆಲ್ಲನೆ, “ಸಾರ್, ಎಂಟು ತಿಂಗಳು ನಾವು ಮಾಡಿದ್ದು ಆ ಬದಿಯನ್ನೇ” ಎಂದಳು. ಉತ್ಸವ ಮುಗಿಯಿತು, ಪ್ರಶಂಸೆ ಬಂತು. ತೆರೆದ ಬದಿ ಅಂದಿನಿಂದ ಗೋಡೆಯನ್ನು ನೋಡುತ್ತಿದೆ. ಆ ತಂಡದ ಮಕ್ಕಳು ಈಗ ಹತ್ತನೆಯ ತರಗತಿಯನ್ನು ಮುಗಿಸಿ ಹೋಗಿದ್ದಾರೆ.

ಗೋಡೆಗೆ ಮುಖಮಾಡಿರುವುದು ಆ ವಿಮಾನವೊಂದೇ ಅಲ್ಲವೆಂಬುದು ನನ್ನ ಅಭಿಪ್ರಾಯ. ಇಂಥ ಸಂಚಿಕೆಗಳಲ್ಲಿ ನಾವು ಫಲಿತಾಂಶವನ್ನೂ ಕಟ್ಟಡವನ್ನೂ ಸನ್ಮಾನವನ್ನೂ ಬಣ್ಣದ ಬದಿಯಂತೆ ಮುಂದಿಡುತ್ತೇವೆ. ತಪ್ಪಲ್ಲ, ಎಡಬದಿಯೂ ಮಕ್ಕಳು ಮಾಡಿದ್ದೇ. ಆದರೆ ಅದಕ್ಕೆ ಆಧಾರವಾದ ತೊಲೆ ಯಾವುದು, ಪಕ್ಕಾಸು ಯಾರು, ಎಂಜಿನ್ ಎಲ್ಲಿ ಚಿಕ್ಕದಾಯಿತು ಎಂಬುದನ್ನು ನಮ್ಮವರಿಗೇ ತೋರಿಸದಿದ್ದರೆ, ನೆರವಾಗಬಯಸುವವರು ಎಲ್ಲಿಗೆ ನೆರವಾಗಬೇಕು? ಕೆಡಬಾರದೆಂದು ಮುಚ್ಚಿಟ್ಟದ್ದು ಮಳೆಗಾಲದ ಹಾಳೆಯಂತೆ ಒಳಗೊಳಗೇ ಉಬ್ಬುತ್ತದೆ. ಮಾದರಿ ಹುಟ್ಟಿದ ಕೈಕೆಲಸದ ಕೊಠಡಿಯನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಒಂದೇ ಹಿಡಿಕಟ್ಟು, ಸೋರುವ ಮಾಡು. ಆ ಕೊಠಡಿಯನ್ನು ಪರೀಕ್ಷೆಯ ವಿಶೇಷ ತರಗತಿಗಳಿಗೆ ಬಿಟ್ಟುಕೊಡಬೇಕೆಂಬ ಸಲಹೆ ಈಗ ಬಂದಿದೆ. ಅಂಕಗಳ ಬೆಲೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಸಾವಿರದಲ್ಲೊಂದು ಎಂದರೇನೆಂದು ಕೈಯಲ್ಲಿ ತಿಳಿದುಕೊಳ್ಳುವ ಜಾಗ ಶಾಲೆಯಲ್ಲಿ ಇದೊಂದೇ ಇದೆ. ಬೆಂಗಳೂರಿನ ಎಂಜಿನಿಯರುಗಳಿಗೂ ಲೋಹಕ್ಕೆ ಮುಂಚೆ ಕಟ್ಟಿಗೆಯಲ್ಲಿ ಮಾಡಿ ನೋಡುವುದು ಅವಶ್ಯವೆನಿಸಿತ್ತು. ನಮ್ಮ ಮಕ್ಕಳಿಗೆ ಅನಾವಶ್ಯಕವಾದೀತೇ?

ಆದುದರಿಂದ ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿಯೂ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕೈಕೆಲಸದ ಕೊಠಡಿ ಕೈಕೆಲಸಕ್ಕೇ ಉಳಿಯಲಿ. ಅದರ ಮಾಡನ್ನು ಈ ಬೇಸಗೆಯಲ್ಲಿಯೇ ಹೊದಿಸೋಣ. ಮಾರುತವನ್ನು ತಿರುಗಿಸಿ ನಿಲ್ಲಿಸಲು ಅಪ್ಪಣೆಯಾಗಲಿ. ತಿರುಗಿಸುವ ದಿನ ಅದನ್ನು ಕಟ್ಟಿದ ಮಕ್ಕಳನ್ನೆಲ್ಲ ಕರೆಸಬೇಕೆಂದು ನನ್ನ ಆಸೆ. ಕಪಾಟಿನ ಒಂದು ತುದಿಯನ್ನು ಹಿಡಿಯಲು ನಾನು ಸಿದ್ಧನಿದ್ದೇನೆ. ಇನ್ನೊಂದು ತುದಿಗೆ ಆ ಬಡಗಿಯ ಮಗಳು ಬರುವಳೆಂದು ನಂಬಿದ್ದೇನೆ.